ಅರೆತಲೆನೋವು: ತಿಕ್ಕಿಸಿಕೊಳ್ಳೋದು ಯಾವಾಗ, ಯಾರ ಹತ್ತಿರ?

ಪ್ರಶ್ನೆ: ನನಗೆ 38 ವರ್ಷ. ಶಿರಸಿ ಹತ್ತಿರದ ಹಳ್ಳಿ, ಅಡಿಕೆ ತೋಟದ ಮನೆ. 8 ವರ್ಷದಿಂದ ಅರೆತಲೆನೋವು ಇದೆ. ಬಲಗಣ್ಣಿನ ಹಿಂದೆ ಶುರುವಾಗಿ ಅರ್ಧ ತಲೆ ಹೊಡೆದುಕೊಳ್ಳುತ್ತದೆ. ವಾಂತಿ ಆಗುತ್ತದೆ, ಬೆಳಕು ನೋಡೋಕೆ ಆಗಲ್ಲ. ಮೊದಲು ತಿಂಗಳಿಗೆ ಎರಡು ಸಲ ಬರುತ್ತಿತ್ತು. ಈಗ ಅಡಿಕೆ ಸುಲಿಯುವ ಕಾಲದಲ್ಲಿ ವಾರಕ್ಕೆ ನಾಲ್ಕು ದಿನ ಏನಾದರೊಂದು ತಲೆನೋವು ಇದ್ದೇ ಇರುತ್ತದೆ, ಕುತ್ತಿಗೆಯೂ ಹಿಡಿದುಕೊಳ್ಳುತ್ತದೆ. ಡಾಕ್ಟರು ಸ್ಕ್ಯಾನ್ ಮಾಡಿಸಿ ಮೈಗ್ರೇನ್ ಅಂದಿದ್ದಾರೆ. ನೋವು ಬಂದ ದಿನ ಗುಳಿಗೆ ತಗೊಳ್ಳುತ್ತೇನೆ. ನುಂಗಿ ನುಂಗಿ ಸಾಕಾಗಿದೆ. ಕಾರವಾರದಲ್ಲಿರುವ ಅಕ್ಕ ಸೂಜಿ ಚಿಕಿತ್ಸೆ ಮಾಡಿಸು ಅಂತಾಳೆ. ಪಕ್ಕದ ಮನೆಯವರು ಶಿರೋಧಾರೆ ಅಂತಾರೆ. ನಮ್ಮ ಯಜಮಾನರು ಕುತ್ತಿಗೆಯ ನೆಟಿಗೆ ತೆಗೆಸಿದರೆ ಸರಿಹೋಗುತ್ತದೆ ಅಂತಾರೆ. ಅತ್ತೆ ವಾರಕ್ಕೊಮ್ಮೆ ತಲೆಗೆ ಎಣ್ಣೆ ಹಾಕಿ ತಿಕ್ಕುತ್ತಾರೆ, ಒಮ್ಮೊಮ್ಮೆ ಹಿತ, ಒಮ್ಮೊಮ್ಮೆ ನೋವು ಜಾಸ್ತಿ. ಯಾವುದು ಮಾಡಿಸಲಿ? ಗುಳಿಗೆ ಬಿಡಬಹುದಾ?

ಉತ್ತರ: ತಂಗೀ, ನಿಮ್ಮ ಪತ್ರ ಓದಿ ನಾನು ಮೊದಲು ಮಾಡಿದ್ದು ಗುಳಿಗೆಯ ಲೆಕ್ಕ. ವಾರಕ್ಕೆ 4 ದಿನ ಅಂದರೆ ತಿಂಗಳಿಗೆ 16 ದಿನ. ಶಿರೋಧಾರೆ ಒಳ್ಳೆಯದಾ, ಸೂಜಿ ಒಳ್ಳೆಯದಾ ಅನ್ನುವ ಮಾತಿಗಿಂತ ಮುಂಚೆ ಈ 16ರ ಮಾತು ಆಡಬೇಕು.

ತಲೆನೋವಿನ ಗುಳಿಗೆಯೇ ಜಾಸ್ತಿಯಾದರೆ ತಲೆನೋವು ತರುತ್ತದೆ. ನಂಬೋಕೆ ಕಷ್ಟ, ಆದರೆ ನಿಜ. ಪ್ಯಾರಾಸಿಟಮಾಲ್‌ನಂಥ ಸಾದಾ ಗುಳಿಗೆಯನ್ನು ತಿಂಗಳಿಗೆ 15 ದಿನ ಅಥವಾ ಅದಕ್ಕಿಂತ ಜಾಸ್ತಿ, ಮೂರು ತಿಂಗಳು ಮೀರಿ ತಗೊಂಡರೆ ಈ ತೊಂದರೆ ಶುರುವಾಗಬಹುದು. ಎರಡು ಮೂರು ಔಷಧ ಬೆರೆಸಿದ ಗುಳಿಗೆ, ಮೈಗ್ರೇನ್‌ಗೆಂದೇ ಇರುವ ಟ್ರಿಪ್ಟಾನ್, ಎರ್ಗೋಟಮಿನ್ ಇವಕ್ಕೆಲ್ಲ ಗಡಿ ಇನ್ನೂ ಕಡಿಮೆ, ತಿಂಗಳಿಗೆ 10 ದಿನ. ಮೆಡಿಕಲ್ ಶಾಪಿನಲ್ಲಿ ಅರೆತಲೆನೋವು ಅಂದ ತಕ್ಷಣ ಕೈಗೆ ಕೊಡುವ ಗುಳಿಗೆಯಲ್ಲಿ ಎಷ್ಟೋ ಸಲ ಎರ್ಗೋಟಮಿನ್, ಕೆಫೀನ್, ಪ್ಯಾರಾಸಿಟಮಾಲ್ ಮೂರೂ ಸೇರಿರುತ್ತವೆ. ನಿಮ್ಮ ಗುಳಿಗೆಯ ಹಾಳೆ ತಿರುಗಿಸಿ ನೋಡಿ. ಹಿಂದೆ ಹೆಸರು ಬರೆದಿರುತ್ತದೆ. ಎರ್ಗೋಟಮಿನ್ ರಕ್ತನಾಳವನ್ನು ಬಿಗಿ ಮಾಡುವ ಔಷಧ. ಗರ್ಭಿಣಿಯರಿಗೆ ಬೇಡ, ಹೃದಯದ ತೊಂದರೆ ಇದ್ದವರಿಗೆ ಬೇಡ. ಸುಮ್ನೆ ಅಂಗಡಿಯಿಂದ ತಂದು ನುಂಗುವ ಸಾಮಾನಲ್ಲ ಅದು.

ನಾನು ಡಾಕ್ಟರಲ್ಲ, ಫಿಸಿಯೋಥೆರಪಿಸ್ಟ್. ಶಿರಸಿಯಲ್ಲಿ 20 ವರ್ಷಕ್ಕಿಂತ ಜಾಸ್ತಿ ಜನರ ಕುತ್ತಿಗೆ, ಬೆನ್ನು ಮುಟ್ಟಿ ಕೆಲಸ ಮಾಡಿದ್ದೇನೆ. ಕೈಯಲ್ಲಿ ಏನಾಗುತ್ತದೆ, ಏನಾಗಲ್ಲ ಅನ್ನೋದು ಗೊತ್ತು. ಗುಳಿಗೆ ಅತಿಯಾಗಿ ಬಂದ ತಲೆನೋವನ್ನು ನನ್ನ ಕೈ ಇಳಿಸಲ್ಲ, ಶಿರೋಧಾರೆಯೂ ಇಳಿಸಲ್ಲ. ಅದು ಇಳಿಯೋದು ಗುಳಿಗೆ ಕಡಿಮೆ ಮಾಡಿದಾಗಲೇ. ಆದರೆ ನಾಳೆಯಿಂದ ಪೂರಾ ಬಿಡುತ್ತೇನೆ ಅಂತ ಒಬ್ಬರೇ ಹೊರಡಬೇಡಿ. ಬಿಟ್ಟ ಮೊದಲ ವಾರ ಹತ್ತು ದಿನ ನೋವು ಜೋರಾಗುವುದುಂಟು, ವಾಂತಿ, ನಿದ್ದೆಗೇಡು ಬರುವುದುಂಟು. ಡಾಕ್ಟರ ಹತ್ತಿರ ಹೋಗಿ ಹೀಗೆ ಕೇಳಿ: ನಾನು ತಿಂಗಳಿಗೆ 16 ದಿನ ಗುಳಿಗೆ ತಗೊಳ್ಳುತ್ತಿದ್ದೇನೆ, ನೋವು ಬರದ ಹಾಗೆ ದಿನಾ ತಗೊಳ್ಳುವ ಔಷಧ ನನಗೆ ಬೇಕಾ? ಅಂಥ ಔಷಧಗಳು ಬೇರೆಯೇ ಇವೆ. ಹೆಚ್ಚಿನವರಿಗೆ ಅದರ ಸುದ್ದಿಯೇ ಗೊತ್ತಿರಲ್ಲ, ನೋವು ಬಂದಾಗ ನುಂಗುವುದೊಂದೇ ದಾರಿ ಅಂದುಕೊಂಡಿರುತ್ತಾರೆ.

ಇನ್ನು ಕೈ ಚಿಕಿತ್ಸೆಗೆ ಬರುತ್ತೇನೆ. ಅತ್ತೆ ತಿಕ್ಕಿದರೆ ಒಮ್ಮೊಮ್ಮೆ ಹಿತ, ಒಮ್ಮೊಮ್ಮೆ ನೋವು ಜಾಸ್ತಿ ಅಂತ ಬರೆದಿದ್ದೀರಿ. ನಿಮ್ಮ ಪತ್ರದಲ್ಲಿ ನನಗೆ ಅತಿ ಮುಖ್ಯ ಅನ್ನಿಸಿದ ಸಾಲು ಅದು. ಯಾವ ದಿನ ಹಿತ, ಯಾವ ದಿನ ನೋವು ಅಂತ ನೆನಪು ಮಾಡಿಕೊಳ್ಳಿ. ನೋವಿಲ್ಲದ ದಿನ ತಿಕ್ಕಿಸಿಕೊಂಡಾಗ ಹಿತ, ಅರೆತಲೆನೋವು ಏರಿದ ಮೇಲೆ ತಿಕ್ಕಿಸಿಕೊಂಡಾಗ ನೋವು ಜಾಸ್ತಿ. ಹೀಗೇ ಇದ್ದಿರಬೇಕು ಅಲ್ವಾ?

ಯಾಕೆ ಅಂದರೆ, ಮೈಗ್ರೇನ್ ಏರಿದಾಗ ತಲೆಯ ನರಗಳು ಕೆರಳಿರುತ್ತವೆ. ಆಗ ತಲೆ ಬಾಚಿಕೊಂಡರೂ ನೋವು, ಜಡೆ ಬಿಗಿ ಕಟ್ಟಿದರೂ ನೋವು, ಕಿವಿಯ ಓಲೆ ಸಹ ಭಾರ. ಮುಟ್ಟಿದ್ದೇ ನೋವಾಗಿ ಮಿದುಳಿಗೆ ತಲುಪುತ್ತದೆ. ಅಂಥ ಹೊತ್ತಿನಲ್ಲಿ ಗಟ್ಟಿಯಾಗಿ ಒತ್ತಿದರೆ ಉರಿಯುವ ಒಲೆಗೆ ಇನ್ನೊಂದು ಕೊಳ್ಳಿ ಹಾಕಿದ ಹಾಗೆ. ಕೆಲಸ ಶುರು ಮಾಡಿದ ಹೊಸದರಲ್ಲಿ ನಾನೂ ಈ ತಪ್ಪು ಮಾಡಿದ್ದೇನೆ. ಅಂಕೋಲಾ ಕಡೆಯ ಒಬ್ಬರು ಮೀನು ಮಾರುವ ಅಮ್ಮ ತಲೆ ಹಿಡಿದುಕೊಂಡೇ ಬಂದಿದ್ದರು. ದೂರದಿಂದ ಬಂದಿದ್ದಾರೆ, ಏನಾದರೂ ಮಾಡಿ ಕಳಿಸಬೇಕು ಅಂತ ಕುತ್ತಿಗೆಯ ಬಿಗಿ ಬಿಡಿಸೋಕೆ ಹೋದೆ. ಹತ್ತು ನಿಮಿಷದಲ್ಲಿ ಅವರಿಗೆ ವಾಂತಿ ಶುರುವಾಯಿತು, ಸಂಜೆ ತನಕ ಬೆಂಚಿನ ಮೇಲೆ ಮಲಗಿದ್ದರು. ಅವತ್ತು ಅವರಿಗೆ ಬೇಕಾಗಿದ್ದದ್ದು ಕತ್ತಲೆ ಕೋಣೆ, ಒಂದು ಒದ್ದೆ ಬಟ್ಟೆ, ಸರಿಯಾದ ಔಷಧ, ಅಷ್ಟೇ. ಒಂದು ವಾರ ಬಿಟ್ಟು ನೋವಿಲ್ಲದ ದಿನ ಬರಲು ಹೇಳಬೇಕಿತ್ತು. ಆಮೇಲೆ ನಾನು ಯಾರಿಗೂ ನೋವು ಏರಿದ ಹೊತ್ತಿನಲ್ಲಿ ಕುತ್ತಿಗೆಗೆ ಕೈ ಹಚ್ಚಿಲ್ಲ.

ಹಾಗಾದರೆ ನೋವಿಲ್ಲದ ದಿನ ತಿಕ್ಕಿ ಏನು ಉಪಯೋಗ? ಇಲ್ಲಿ ಸ್ವಲ್ಪ ಕುತ್ತಿಗೆಯ ಕತೆ ಹೇಳಬೇಕು.

ನಮ್ಮ ತಲೆ ನಾಲ್ಕೂವರೆ ಐದು ಕಿಲೋ ಭಾರ. ತಲೆಬುರುಡೆಯ ಬುಡದಲ್ಲಿ, ಕೂದಲು ಮುಗಿಯುವ ಗೆರೆಯ ಸ್ವಲ್ಪ ಮೇಲೆ, ಎಡಕ್ಕೆ ನಾಲ್ಕು ಬಲಕ್ಕೆ ನಾಲ್ಕು ಪುಟ್ಟ ಸ್ನಾಯುಗಳಿವೆ. ತಲೆಯನ್ನು ಹದವಾಗಿ ಹಿಡಿದಿಡೋದು ಅವುಗಳ ಕೆಲಸ. ಈ ಜಾಗದ ಸುದ್ದಿಯನ್ನು ಮಿದುಳಿಗೆ ಒಯ್ಯುವ ನರಗಳು ಕುತ್ತಿಗೆಯ ಮೇಲಿನ ಮೂರು ಗೆಣ್ಣಿನ ಮಟ್ಟದಿಂದ ಹೊರಡುತ್ತವೆ. ಕಣ್ಣು, ಹಣೆ, ಕಪಾಲದ ಸುದ್ದಿ ಒಯ್ಯುವ ನರ ಬೇರೆ. ಆದರೆ ಎರಡೂ ಮಿದುಳಿನ ಬುಡದಲ್ಲಿ ಒಂದೇ ಕಡೆ ಬಂದು ಸೇರುತ್ತವೆ. ಅದಕ್ಕೇ ಕುತ್ತಿಗೆಯ ನೋವು ಕಣ್ಣಿನ ಹಿಂದೆ ಕಾಣಿಸಿಕೊಳ್ಳುತ್ತದೆ. ಅದಕ್ಕೇ ಮೈಗ್ರೇನ್ ಬರುವ ಮುಂಚೆ ಕುತ್ತಿಗೆ ಹಿಡಿದುಕೊಳ್ಳುತ್ತದೆ ಕೂಡ.

ಈಗ ನಿಮ್ಮ ಅಡಿಕೆ ಸುಲಿಯುವ ಕೆಲಸ ನೆನಪು ಮಾಡಿಕೊಳ್ಳಿ. ಮೆಟ್ಟುಗತ್ತಿ ಮುಂದೆ ಕೂತರೆ ತಲೆ ಎದೆ ಕಡೆ ಬಗ್ಗಿರುತ್ತದೆ, ಎರಡೂ ಹೆಗಲು ಮೇಲೆ ಎದ್ದಿರುತ್ತವೆ, ಕಣ್ಣು ಕತ್ತಿಯ ಬಾಯಿಯ ಮೇಲೆ. ರಾತ್ರಿ ಊಟ ಮುಗಿಸಿ ಕೂತರೆ ಹನ್ನೊಂದು ಗಂಟೆ ತನಕ ಹಾಗೇ. ಮೇಲಿಂದ ಒಂಟಿ ಬಲ್ಬಿನ ಬೆಳಕು ಕಣ್ಣಿಗೆ ಹೊಡೆಯುತ್ತಿರುತ್ತದೆ. ನಿದ್ದೆ ಕಡಿಮೆ. ಬೆಳಿಗ್ಗೆ ಮತ್ತೆ ಅಡಿಕೆ ಕೊನೆ ಬಂದು ಬಿದ್ದಿರುತ್ತದೆ, ಚಹಾ ತಿಂಡಿ ಎಲ್ಲ ತಡ. ಕುತ್ತಿಗೆ ಬಿಗಿ, ನಿದ್ದೆಗೇಡು, ಹೊಟ್ಟೆ ಖಾಲಿ, ಕಣ್ಣಿಗೆ ಬೆಳಕು. ಮೈಗ್ರೇನ್ ಇರುವವರಿಗೆ ಇವುಗಳಲ್ಲಿ ಒಂದೇ ಸಾಕು, ನಿಮಗೆ ನಾಲ್ಕೂ ಒಟ್ಟಿಗೆ ಬರುತ್ತಿವೆ.

ಆದ್ದರಿಂದ ನಿಮಗೆ ಎರಡು ತರಹದ ನೋವು ಬೆರೆತಿದೆ ಅಂತ ನನಗೆ ಅನ್ನಿಸುತ್ತದೆ. ವಾಂತಿ ತರುವ, ಅರ್ಧ ತಲೆ ಹೊಡೆದುಕೊಳ್ಳುವ ಮೈಗ್ರೇನ್ ಒಂದು. ಹಣೆಗೆ ಪಟ್ಟಿ ಕಟ್ಟಿದ ಹಾಗೆ, ಎರಡೂ ಕಡೆ ಒತ್ತುವ, ವಾಂತಿ ಇಲ್ಲದ ಬಿಗಿತದ ನೋವು ಇನ್ನೊಂದು. 'ಏನಾದರೊಂದು ತಲೆನೋವು' ಅಂತ ನೀವೇ ಬರೆದಿದ್ದೀರಲ್ಲ. ಕೈ ಚಿಕಿತ್ಸೆ ಚೆನ್ನಾಗಿ ಕೆಲಸ ಮಾಡೋದು ಈ ಎರಡನೆಯದಕ್ಕೆ, ಮತ್ತೆ ನಿಜವಾಗಿ ಕುತ್ತಿಗೆಯಿಂದಲೇ ಏಳುವ ತಲೆನೋವಿಗೆ. ಕುತ್ತಿಗೆಯ ತಲೆನೋವಿನ ಬಗ್ಗೆ ಆಸ್ಟ್ರೇಲಿಯಾದಲ್ಲಿ 200 ಜನರ ಮೇಲೆ ಮಾಡಿದ ಅಧ್ಯಯನ 2002ರಲ್ಲಿ ಬಂತು. ಕೈಯಿಂದ ಕೀಲು ಸಡಿಲಿಸುವ ಚಿಕಿತ್ಸೆ, ಕುತ್ತಿಗೆಯ ಹಗುರ ವ್ಯಾಯಾಮ, ಎರಡೂ ಉಪಯೋಗಕ್ಕೆ ಬಂದವು. ಆರು ವಾರದ ಚಿಕಿತ್ಸೆಯ ಗುಣ ಒಂದು ವರ್ಷದ ನಂತರವೂ ಉಳಿದಿತ್ತು. ನನಗೆ ಅದರಲ್ಲಿ ಇಷ್ಟವಾದದ್ದು ವ್ಯಾಯಾಮದ ಭಾಗ. ಅದಕ್ಕೆ ಯಾರ ಮನೆ ಬಾಗಿಲಿಗೂ ಹೋಗಬೇಕಾಗಿಲ್ಲ.

ಒಂದು ಎಚ್ಚರಿಕೆ. ಕುತ್ತಿಗೆ ನೋವು ಇದೆ ಅಂದ ಮಾತ್ರಕ್ಕೆ ಕುತ್ತಿಗೆಯೇ ಕಾರಣ ಅಲ್ಲ. ಎಕ್ಸ್‌ರೇ ತೆಗೆಸಿದರೆ 40ರ ಆಸುಪಾಸಿನವರಲ್ಲಿ ಎಷ್ಟೋ ಜನಕ್ಕೆ 'ಸವೆತ' ಕಾಣುತ್ತದೆ, ಒಂದು ದಿನವೂ ತಲೆನೋವು ಬಾರದವರಿಗೂ ಕಾಣುತ್ತದೆ. ಸವೆತ ಇದೆ, ಪಟ್ಟಿ ಹಾಕಿಕೋ ಅಂತ ಯಾರಾದರೂ ಅಂದರೆ ತಕ್ಷಣ ಹೆದರಬೇಡಿ. ದಿನವಿಡೀ ಕುತ್ತಿಗೆ ಪಟ್ಟಿ ಹಾಕಿಕೊಂಡರೆ ಸ್ನಾಯು ಸೋಮಾರಿಯಾಗುತ್ತದೆ ಅಷ್ಟೇ.

ಯಜಮಾನರು ಹೇಳುವ ನೆಟಿಗೆ ವಿಷಯ. ಇದಕ್ಕೆ ನನ್ನ ಉತ್ತರ: ಮಾಡಿಸಲೇ ಬೇಡಿ. ನಿಮ್ಮ ಯಜಮಾನರಿಗೆ ಈ ಸಾಲು ಓದಿ ಹೇಳಿ. ಕುತ್ತಿಗೆಯ ಮೂಳೆಗಳ ಒಳಗಿಂದಲೇ, ಎರಡೂ ಬದಿಯಲ್ಲಿ, ಮಿದುಳಿಗೆ ರಕ್ತ ಒಯ್ಯುವ ನಾಳಗಳು ಮೇಲೆ ಹತ್ತುತ್ತವೆ. ತಲೆ ಹಿಡಿದು ಪಕ್ಕಕ್ಕೆ ಜೋರಾಗಿ ತಿರುಚಿದಾಗ ಆ ನಾಳದ ಒಳಪದರ ಹರಿಯಬಹುದು. ಅಲ್ಲಿ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋದರೆ ಪಾರ್ಶ್ವವಾಯು. ಅಪರೂಪ, ಆದರೆ ಆಗುತ್ತದೆ. 2024ರಲ್ಲಿ ಬಳ್ಳಾರಿಯ ಯುವಕನೊಬ್ಬನಿಗೆ ಕ್ಷೌರದಂಗಡಿಯಲ್ಲಿ ತಲೆ ಮಸಾಜ್ ಮಾಡಿ ಕುತ್ತಿಗೆ ತಿರುಚಿದ ಮೇಲೆ ಹೀಗೇ ಆಗಿ ಮಾತು ತೊದಲಿದ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ವಯಸ್ಸು ಬರೀ 30. ಅಪಾಯ ಹಾಗಿರಲಿ, ಲಾಭವಾದರೂ ಇದೆಯಾ ಅಂತ ನೋಡಿದರೆ, ನಾರ್ವೆಯಲ್ಲಿ 104 ಮೈಗ್ರೇನ್ ರೋಗಿಗಳ ಮೇಲೆ ಪರೀಕ್ಷೆ ಮಾಡಿದರು. ಫಲಿತಾಂಶ 2017ರಲ್ಲಿ ಬಂತು. ನಿಜವಾಗಿ ನೆಟಿಗೆ ತೆಗೆಸಿಕೊಂಡವರಿಗೂ, ಬರೀ ತೆಗೆದ ಹಾಗೆ ನಟಿಸಿ ಕಳಿಸಿದವರಿಗೂ ಒಂದೇ ಅಷ್ಟು ಗುಣ. ತಿರುಚುವುದರಿಂದ ಮೈಗ್ರೇನ್‌ಗೆ ವಿಶೇಷ ಏನೂ ಸಿಗಲಿಲ್ಲ. ಸಿಗದ ಲಾಭಕ್ಕೆ ಕುತ್ತಿಗೆ ಯಾಕೆ ಕೊಡಬೇಕು? ನಾನು ಕೀಲು ಸಡಿಲಿಸುವಾಗಲೂ ಲಟಕ್ ಅನ್ನುವ ಶಬ್ದ ಬೇಕಾಗಿಲ್ಲ. ನಿಧಾನ, ಸಣ್ಣ ಚಲನೆ ಸಾಕು. ನಿಮ್ಮ ಕುತ್ತಿಗೆ ಮುಟ್ಟುವವರು ಯಾರೇ ಆಗಲಿ, ತಿರುಚಬೇಡಿ ಅಂತ ಕೂರುವ ಮುಂಚೆಯೇ ಹೇಳಿ.

ಅಕ್ಕ ಹೇಳುವ ಸೂಜಿ ಚಿಕಿತ್ಸೆಗೆ, ಅಂದರೆ ಅಕ್ಯುಪಂಕ್ಚರ್‌ಗೆ, ಬೇರೆ ಉತ್ತರ ಇದೆ. ಮಾಡಿಸಬಹುದು. ಇದರ ಬಗ್ಗೆ ಸಾಕಷ್ಟು ಪರೀಕ್ಷೆ ಆಗಿದೆ. 2016ರಲ್ಲಿ ಕಾಕ್ರೇನ್ ಎಂಬ ವೈದ್ಯಕೀಯ ವಿಮರ್ಶಾ ಸಂಸ್ಥೆ ಮೈಗ್ರೇನ್ ಬಗೆಗಿನ 22 ಅಧ್ಯಯನಗಳನ್ನು, ಒಟ್ಟು 4985 ಜನರ ಲೆಕ್ಕವನ್ನು, ಒಟ್ಟಿಗೆ ಇಟ್ಟು ನೋಡಿತು. ಸರಿಯಾದ ಸೂಜಿ ಹಾಕಿಸಿಕೊಂಡ 100 ಜನರಲ್ಲಿ 50 ಜನಕ್ಕೆ ತಲೆನೋವಿನ ದಿನ ಅರ್ಧಕ್ಕರ್ಧ ಇಳಿಯಿತು. ಬರೀ ತೋರಿಕೆಗೆ ಸುಳ್ಳು ಸೂಜಿ ಹಾಕಿಸಿಕೊಂಡ 100 ಜನರಲ್ಲೂ 41 ಜನಕ್ಕೆ ಇಳಿಯಿತು. ಅಂದರೆ ಸೂಜಿಯ ಸ್ವಂತ ಗುಣ ಇದೆ, ಆದರೆ ಸಣ್ಣದು. ಉಳಿದದ್ದು ಮಲಗಿ ವಿಶ್ರಾಂತಿ ತಗೊಂಡದ್ದು, ಒಬ್ಬರು ಗಮನ ಕೊಟ್ಟು ನೋಡಿಕೊಂಡದ್ದು, ನಂಬಿಕೆ. ಅದನ್ನು ನಾನು ಕಡೆಗಣಿಸಲ್ಲ. ದಿನವಿಡೀ ಎಲ್ಲರನ್ನೂ ನೋಡಿಕೊಳ್ಳುವ ಹೆಂಗಸಿಗೆ ಅರ್ಧ ಗಂಟೆ ಯಾರೋ ತನ್ನನ್ನು ನೋಡಿಕೊಳ್ಳುವುದೇ ದೊಡ್ಡದು. ಬ್ರಿಟನ್ನಿನ ಸರ್ಕಾರಿ ಮಾರ್ಗಸೂಚಿ ಬಿಗಿತದ ತಲೆನೋವಿಗೂ 5ರಿಂದ 8 ವಾರದಲ್ಲಿ 10 ಸಲದ ತನಕ ಸೂಜಿ ಹಾಕಿಸಬಹುದು ಅನ್ನುತ್ತದೆ. ಆ ಲೆಕ್ಕ ಇಟ್ಟುಕೊಳ್ಳಿ. 10 ಸಲ ಆದ ಮೇಲೂ ನೋವಿನ ದಿನ ಇಳಿದಿಲ್ಲ ಅಂದರೆ ನಿಲ್ಲಿಸಿ.

ಆದರೆ ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕಾರವಾರಕ್ಕೆ ಬಸ್ಸಿನಲ್ಲಿ ಹೋಗಿಬಂದು ಮಾಡಿಸಬೇಕಾ? ಘಟ್ಟದ ತಿರುವು, ಡೀಸೆಲ್ ವಾಸನೆ, ಕರಾವಳಿಯ ಬಿಸಿಲು, ಬೆವರು. ಮೈಗ್ರೇನ್ ಇರುವವರಿಗೆ ಆ ಪ್ರಯಾಣವೇ ನೋವು ತರಬಹುದು. ಅಕ್ಕನ ಮನೆಯಲ್ಲಿ ಎರಡು ಮೂರು ವಾರ ಉಳಿಯುವ ಹಾಗಿದ್ದರೆ ಸರಿ. ಇಲ್ಲವಾದರೆ ಹತ್ತಿರದಲ್ಲಿ ಯಾರಿದ್ದಾರೆ ನೋಡಿ. ಸೂಜಿ ಪ್ರತಿ ಸಲ ಹೊಸದು, ನಿಮ್ಮ ಎದುರೇ ಪೊಟ್ಟಣ ಒಡೆದದ್ದು ಆಗಿರಬೇಕು. ಒಬ್ಬರಿಗೆ ಚುಚ್ಚಿದ್ದನ್ನು ಇನ್ನೊಬ್ಬರಿಗೆ ಚುಚ್ಚಿದರೆ ಹೆಪಟೈಟಿಸ್ ಬಿ ಬರಬಹುದು.

ಶಿರೋಧಾರೆ. ಹಣೆಯ ಮೇಲೆ ಬೆಚ್ಚನೆ ಎಣ್ಣೆಯನ್ನೋ ಮಜ್ಜಿಗೆಯನ್ನೋ ಅರ್ಧ ಮುಕ್ಕಾಲು ಗಂಟೆ ಸಣ್ಣ ಧಾರೆಯಾಗಿ ಬಿಡುವ ಚಿಕಿತ್ಸೆ. ಮನಸ್ಸು ಇಳಿಯುತ್ತದೆ, ಆ ರಾತ್ರಿ ಒಳ್ಳೆ ನಿದ್ದೆ ಬರುತ್ತದೆ, ಇದು ನನ್ನ ರೋಗಿಗಳು ಬಂದು ಹೇಳಿದ್ದು. ಇದರ ಮೇಲೆ ಆಗಿರುವ ಅಧ್ಯಯನಗಳು ಸಣ್ಣವು. ಸೂಜಿಯ ಬಗ್ಗೆ ಹೇಳಿದ ಹಾಗೆ ಗಟ್ಟಿ ಲೆಕ್ಕ ಕೊಡೋಕೆ ಆಗಲ್ಲ. ನಿದ್ದೆ ಕೆಟ್ಟವರಿಗೆ, ಚಿಂತೆ ಜಾಸ್ತಿ ಇರುವವರಿಗೆ ಒಳ್ಳೆಯದು ಅನ್ನುವುದು ನನ್ನ ಅನಿಸಿಕೆ. ಕಲಿತ ಆಯುರ್ವೇದ ವೈದ್ಯರ ಹತ್ತಿರ, ದುಡ್ಡಿಗೆ ಕಷ್ಟ ಆಗದ ಹಾಗಿದ್ದರೆ ಮಾಡಿಸಿ. ಸಾಲ ಮಾಡಿ ಬೇಡ. ಎಣ್ಣೆಯ ವಾಸನೆಯಿಂದಲೇ ನಿಮಗೆ ನೋವು ಏರುವುದಾದರೆ ಮೊದಲೇ ಹೇಳಿ.

ನಸ್ಯವನ್ನೂ, ಅಂದರೆ ಮೂಗಿಗೆ ಔಷಧದ ಎಣ್ಣೆ ಬಿಡುವ ಚಿಕಿತ್ಸೆಯನ್ನೂ, ಕಲಿತವರೇ ಮಾಡಲಿ. ಮನೆಯಲ್ಲಿ ನೀವೇ ಮೂಗಿಗೆ ಎಣ್ಣೆ ಬಿಟ್ಟುಕೊಂಡು ಮಲಗಿದರೆ ಅದು ನಿಧಾನಕ್ಕೆ ಶ್ವಾಸಕೋಶಕ್ಕೆ ಇಳಿಯಬಹುದು. ನಮ್ಮ ಕಡೆ ಸೂರ್ಯ ಹುಟ್ಟುವ ಮುಂಚೆ ಮೂಗಿಗೆ ಸೊಪ್ಪಿನ ರಸ ಹಿಂಡುವ ಪದ್ಧತಿಯೂ ಇದೆ, ಎಕ್ಕದ ಹಾಲು ಹಚ್ಚುವವರೂ ಇದ್ದಾರೆ. ಎಕ್ಕದ ಹಾಲು ಕಣ್ಣಿಗೆ ತಾಗಿದರೆ ಕಣ್ಣಿನ ಪಾಪೆಯ ಮೇಲಿನ ಪೊರೆ ಕೆಡುತ್ತದೆ. ದಯವಿಟ್ಟು ಅದರ ಹತ್ತಿರ ಹೋಗಬೇಡಿ.

ಯೋಗದ ಬಗ್ಗೆ ನೀವು ಕೇಳಿಲ್ಲ, ಆದರೂ ನಾನು ಬಿಡಲಾರೆ. ಇವೆಲ್ಲದರಲ್ಲಿ ನಿಮಗೆ ಅತಿ ಹೆಚ್ಚು ಸಿಗುವುದು ಅದರಿಂದಲೇ ಅನ್ನಿಸುತ್ತದೆ. ದೆಹಲಿಯ ಏಮ್ಸ್ ಆಸ್ಪತ್ರೆಯವರು ಮೈಗ್ರೇನ್ ಇರುವವರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಔಷಧ ಮಾತ್ರ, ಇನ್ನೊಂದಕ್ಕೆ ಔಷಧದ ಜೊತೆ ಯೋಗ. ಮೊದಲ ತಿಂಗಳು ವಾರಕ್ಕೆ 3 ದಿನ ಹೇಳಿಕೊಟ್ಟು, ಆಮೇಲೆ ಎರಡು ತಿಂಗಳು ಮನೆಯಲ್ಲೇ ವಾರಕ್ಕೆ 5 ದಿನ. 114 ಜನ ಕೊನೆ ತನಕ ಉಳಿದರು. 2020ರಲ್ಲಿ ಬಂದ ಫಲಿತಾಂಶದಲ್ಲಿ, ಯೋಗದ ಗುಂಪಿಗೆ ತಿಂಗಳಿಗೆ ಸರಾಸರಿ 9.1 ಸಲ ಬರುತ್ತಿದ್ದ ನೋವು 4.7ಕ್ಕೆ ಇಳಿದಿತ್ತು. ಬರೀ ಔಷಧದವರಿಗೆ 7.7ರಿಂದ 6.8ಕ್ಕೆ. ಯೋಗದವರ ಗುಳಿಗೆಯೂ ಹೆಚ್ಚು ಕಡಿಮೆ ಅರ್ಧ ಆಯಿತು. ಗಮನಿಸಿ, ಅವರು ಔಷಧ ಬಿಟ್ಟು ಯೋಗ ಮಾಡಲಿಲ್ಲ, ಔಷಧದ ಜೊತೆಗೆ ಮಾಡಿದರು. ಶೀರ್ಷಾಸನ, ಸರ್ವಾಂಗಾಸನ ನಿಮಗೆ ಬೇಡ. ಉಸಿರಾಟ, ಹಗುರ ಆಸನ, ಶವಾಸನ ಸಾಕು.

ಈಗ ನಿಮ್ಮ ಮನೆಯಲ್ಲೇ ಆಗುವ ಕೆಲಸ ಹೇಳುತ್ತೇನೆ. ನೋವಿಲ್ಲದ ದಿನ ಬೆಳಿಗ್ಗೆ ಮೀಯುವಾಗ ಹಂಡೆಯ ಬಿಸಿನೀರನ್ನು ಹೆಗಲಿಗೆ, ಕುತ್ತಿಗೆಯ ಹಿಂಬದಿಗೆ ಹದವಾಗಿ ಹೊಯ್ದುಕೊಳ್ಳಿ. ಮೈ ಒರೆಸಿಕೊಂಡು ಗೋಡೆಗೆ ಬೆನ್ನು ಕೊಟ್ಟು ನಿಲ್ಲಿ. ತಲೆ ಮೇಲೆತ್ತದೆ, ಬಗ್ಗಿಸದೆ, ಗದ್ದವನ್ನು ಮಾತ್ರ ಒಳಗೆ ಎಳೆಯಿರಿ. ಕುತ್ತಿಗೆಯ ಹಿಂಬದಿ ಉದ್ದ ಆದ ಹಾಗೆ ಅನ್ನಿಸಬೇಕು. ಐದು ಎಣಿಸಿ ಬಿಡಿ. ಹತ್ತು ಸಲ. ಆಮೇಲೆ ಹೆಗಲನ್ನು ಕಿವಿ ತನಕ ಎತ್ತಿ, ಐದು ಎಣಿಸಿ, ಪೂರಾ ಕೆಳಗೆ ಬಿಡಿ. ಬಿಗಿ ಅಂದರೆ ಏನು, ಸಡಿಲ ಅಂದರೆ ಏನು ಅಂತ ಸ್ನಾಯುವಿಗೆ ಗೊತ್ತಾಗೋದು ಹೀಗೇ. ಎಡ್ಮಂಡ್ ಜೇಕಬ್ಸನ್ ಎಂಬ ಅಮೆರಿಕದ ವೈದ್ಯ ಸುಮಾರು ನೂರು ವರ್ಷದ ಹಿಂದೆ ಬಿಗಿ ಮಾಡಿ ಸಡಿಲ ಬಿಡುವ ಈ ಕ್ರಮವನ್ನು ಕಟ್ಟಿದರು. ಮೈಗ್ರೇನ್ ತಡೆಯಲು ಒಳ್ಳೆ ಆಧಾರ ಇರುವ ವಿಧಾನಗಳಲ್ಲಿ ಇದೂ ಒಂದು. ಒಂದು ಪೈಸೆ ಖರ್ಚಿಲ್ಲ.

ರಾತ್ರಿ ಮಲಗುವ ಮುಂಚೆ ಪಂಚೆಯನ್ನೋ ಟವೆಲನ್ನೋ ಸುತ್ತಿ, ತಲೆಬುರುಡೆಯ ಬುಡಕ್ಕೆ ಬರುವ ಹಾಗೆ ಇಟ್ಟು ಐದು ನಿಮಿಷ ಅಂಗಾತ ಮಲಗಿ. ಒತ್ತಬೇಡಿ, ತಲೆಯ ಭಾರವೇ ಒತ್ತಲಿ.

ಸುಲಿಯುವ ಕೆಲಸ ಬಿಡಿ ಅಂತ ನಾನು ಹೇಳಿದರೆ ನೀವು ಕೇಳೋದಿಲ್ಲ, ಕೇಳೋಕೆ ಆಗೋದೂ ಇಲ್ಲ. ಆದರೆ ಮೆಟ್ಟುಗತ್ತಿಯ ಎತ್ತರ ಬದಲಾಯಿಸಬಹುದು. ಕತ್ತಿಯ ಬಾಯಿ ನಿಮ್ಮ ಎದೆಯ ಕೆಳಭಾಗದ ಮಟ್ಟಕ್ಕೆ ಬರುವಷ್ಟು ಹಲಗೆ ಇಟ್ಟು ಎತ್ತರಿಸಿ, ಕತ್ತಿ ಅಲುಗದ ಹಾಗೆ ಭದ್ರ ಮಾಡಿಕೊಳ್ಳಿ. ಬಲ್ಬು ಮುಂದೆ ಬೇಡ, ಹಿಂದೆ ಎಡಗಡೆಯಿಂದ ಬರಲಿ. ಅರ್ಧ ಗಂಟೆಗೊಮ್ಮೆ ಎದ್ದು ಅಂಗಳಕ್ಕೆ ಹೋಗಿ ಬನ್ನಿ. ರಾತ್ರಿ ಹತ್ತಕ್ಕೆ ಕೆಲಸ ಬಿಟ್ಟು ಏಳಿ. ಒಪ್ಪೊತ್ತು, ಉಪವಾಸದ ದಿನ ಹಣ್ಣು, ಮಜ್ಜಿಗೆ ಏನಾದರೂ ಹೊತ್ತಿಗೆ ಸರಿಯಾಗಿ ಹೊಟ್ಟೆಗೆ ಹೋಗಲಿ. ಬೆಳತನಕ ಯಕ್ಷಗಾನ ನೋಡಿದ ಮರುದಿನ ನಿಮಗೆ ನೋವು ಖಚಿತ ಅಂತಿದ್ದರೆ ಅರ್ಧ ರಾತ್ರಿಗೆ ಎದ್ದು ಬನ್ನಿ. ಮಾರಿಕಾಂಬಾ ಜಾತ್ರೆಗೂ ಬಿಸಿಲು ಇಳಿದ ಮೇಲೆ ಹೋಗಿ.

ನೋವು ಬಂದೇ ಬಿಟ್ಟರೆ? ಡಾಕ್ಟರು ಹೇಳಿದ ಗುಳಿಗೆಯನ್ನು ಶುರುವಿನಲ್ಲೇ ತಗೊಳ್ಳಿ. ತಡ ಮಾಡಿ, ತಡೆದುಕೊಂಡು, ವಾಂತಿ ಆಗುವಾಗ ನುಂಗಿದರೆ ಅದು ಹೊಟ್ಟೆಯಲ್ಲೇ ಕೂರುತ್ತದೆ, ಆಮೇಲೆ ಇನ್ನೊಂದು ಬೇಕಾಗುತ್ತದೆ. ಕತ್ತಲೆ ಕೋಣೆ. ಕುತ್ತಿಗೆಗೆ ಬಟ್ಟೆಯಲ್ಲಿ ಸುತ್ತಿದ ಐಸು. ಕೆಲವರಿಗೆ ಕಾಲನ್ನು ಬಿಸಿನೀರಲ್ಲಿ ಇಟ್ಟು ತಲೆಗೆ ತಣ್ಣನೆ ಬಟ್ಟೆ ಹಾಕಿದರೆ ಹಿತ. ಶುಂಠಿ ಕಷಾಯ ವಾಂತಿಯ ಹೊಟ್ಟೆಗೆ ಒಳ್ಳೆಯದು. ಇರಾನಿನಲ್ಲಿ 100 ಮೈಗ್ರೇನ್ ರೋಗಿಗಳಿಗೆ ಶುಂಠಿ ಪುಡಿ ಕೊಟ್ಟು ನೋಡಿದಾಗ ನೋವೂ ಇಳಿದದ್ದುಂಟು. ಆದರೆ ಅದೊಂದನ್ನೇ ನಂಬಿ ಕೂರಬೇಡಿ. ಹಣೆಗೆ ಹಚ್ಚುವ ಬಾಮಿನಲ್ಲಿರುವ ಮೆಂಥಾಲ್ ಚರ್ಮದ ತಂಪಿನ ನರಗಳನ್ನು ಎಬ್ಬಿಸುತ್ತದೆ. 1893ರಲ್ಲಿ ಮುಂಬೈಯಲ್ಲಿ ಹುಟ್ಟಿದ ಅಮೃತಾಂಜನ ಇವತ್ತಿಗೂ ಎಲ್ಲ ಮನೆಯ ಗೂಡಿನಲ್ಲಿ ಇರೋದು ಸುಮ್ನೆ ಅಲ್ಲ. ಬಿಗಿತದ ನೋವಿಗೆ ಪುದೀನಾ ಜಾತಿಯ ಪೆಪ್ಪರ್‌ಮಿಂಟ್ ಎಣ್ಣೆ ಹಚ್ಚುವುದನ್ನು ಜರ್ಮನಿಯಲ್ಲಿ ಔಷಧ ಅಂತಲೇ ಒಪ್ಪಿದ್ದಾರೆ. ಮೈಗ್ರೇನ್‌ನಲ್ಲಿ ಆ ವಾಸನೆಯೇ ಕೆಲವರಿಗೆ ಆಗಲ್ಲ. ನಿಮಗೆ ಹೇಗೆ ಅಂತ ನೀವೇ ನೋಡಬೇಕು.

ಕೈ ಚಿಕಿತ್ಸೆ, ಸೂಜಿ, ಎಣ್ಣೆ ಯಾವುದೂ ಬೇಡದ, ಸೀದಾ ಆಸ್ಪತ್ರೆಗೆ ಓಡಬೇಕಾದ ತಲೆನೋವುಗಳಿವೆ. ಮನೆಯವರೆಲ್ಲರೂ ಇದನ್ನು ತಿಳಿದಿರಬೇಕು. ಸಿಡಿಲು ಬಡಿದ ಹಾಗೆ ಒಂದೇ ನಿಮಿಷದಲ್ಲಿ ತುತ್ತತುದಿಗೆ ಏರಿದ ನೋವು, ಜೀವನದಲ್ಲಿ ಹಿಂದೆಂದೂ ಬಾರದ್ದು. ನೋವಿನ ಜೊತೆ ಬಾಯಿ ಸೊಟ್ಟ ಆಗುವುದು, ಮಾತು ತೊದಲುವುದು, ಕೈಕಾಲು ಸೋಲುವುದು. ಆಗ ಪಾರ್ಶ್ವವಾಯುವಿಗೆ ಸೊಪ್ಪಿನ ಔಷಧ ಕೊಡುವವರ ಮನೆ ಹುಡುಕಬೇಡಿ. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡೋಕೆ ಇರುವುದು ನಾಲ್ಕೂವರೆ ಗಂಟೆ ಅಷ್ಟೇ, ಶಿರಸಿಯಿಂದ ಹುಬ್ಬಳ್ಳಿಗೇ ಸುಮಾರು 100 ಕಿಲೋಮೀಟರ್ ಇದೆ. ಮೊದಲ ನಿಮಿಷವೇ 108ಕ್ಕೆ ಫೋನ್ ಮಾಡಿ. ತೋಟದಲ್ಲೋ ಸ್ಕೂಟರಿನಿಂದಲೋ ಬಿದ್ದು ತಲೆಗೆ ಪೆಟ್ಟಾದ ಮೇಲೆ ಬಂದ ನೋವು, 50 ದಾಟಿದ ಮೇಲೆ ಮೊದಲ ಸಲ ಶುರುವಾದ ನೋವು, ಗರ್ಭಿಣಿಗೆ ಬಂದ ಜೋರು ನೋವು, ಇವನ್ನೂ ಅದೇ ದಿನ ತೋರಿಸಬೇಕು.

ನಮ್ಮ ಜಿಲ್ಲೆಯವರು ಜ್ವರದ ಜೊತೆ ಬರುವ ತಲೆನೋವನ್ನು ಬೇರೆಯಾಗಿಯೇ ನೋಡಬೇಕು. ಡಿಸೆಂಬರಿನಿಂದ ಮೇ ತನಕ, ಸೊಪ್ಪಿಗೋ ದರಕಿಗೋ (ಒಣ ಎಲೆಗೋ) ಬೆಟ್ಟಕ್ಕೆ ಹೋಗಿ ಬಂದವರಿಗೆ ಇದ್ದಕ್ಕಿದ್ದ ಹಾಗೆ ಜೋರು ಜ್ವರ, ಹಣೆ ಒಡೆಯುವ ನೋವು, ಮೈಕೈ ನೋವು ಬಂದರೆ ಅದು ಮಂಗನ ಕಾಯಿಲೆ ಇರಬಹುದು. ಉಣುಗು, ಅಂದರೆ ಉಣ್ಣೆ ಹುಳ, ಕಚ್ಚಿ ಬರುವಂಥದ್ದು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗೊತ್ತಾದ ಕಾಯಿಲೆ, ಸಿದ್ದಾಪುರ ಕಡೆಯವರಿಗೆ ಹೇಳಬೇಕಾಗಿಯೇ ಇಲ್ಲ. ಅಂಥ ಜ್ವರದಲ್ಲಿ ಆಸ್ಪಿರಿನ್, ಐಬುಪ್ರೊಫೆನ್ ತಗೊಳ್ಳಬೇಡಿ, ರಕ್ತಸ್ರಾವ ಜಾಸ್ತಿಯಾಗುತ್ತದೆ. ಮಳೆಗಾಲದಲ್ಲಿ ಗದ್ದೆ ನೀರಲ್ಲಿ ನಿಂತು ಕೆಲಸ ಮಾಡಿದವರಿಗೆ ಜ್ವರ, ತಲೆನೋವು, ಮೀನಖಂಡ ನೋವು ಬಂದರೆ ಇಲಿ ಜ್ವರದ ಪರೀಕ್ಷೆ ಮಾಡಿಸಿ.

ಇನ್ನೊಂದು ಮಾತು, ಹೆಂಗಸರಿಗೆ. ನೋವು ಬರುವ ಮುಂಚೆ ಕಣ್ಣೆದುರು ಮಿಂಚಿನ ಗೆರೆ ಓಡುವುದು, ಅರ್ಧ ದೃಷ್ಟಿ ಮಾಯವಾಗುವುದು ಇದ್ದರೆ, ಮಕ್ಕಳಾಗದಂತೆ ತಗೊಳ್ಳುವ ಈಸ್ಟ್ರೋಜನ್ ಇರುವ ಗುಳಿಗೆಯ ಬಗ್ಗೆ ಡಾಕ್ಟರಿಗೆ ತಪ್ಪದೆ ಹೇಳಿ. ಎರಡೂ ಸೇರಿದರೆ ಪಾರ್ಶ್ವವಾಯುವಿನ ಅಪಾಯ ಜಾಸ್ತಿ. ಬೇರೆ ವಿಧಾನ ಕೊಡುತ್ತಾರೆ.

ಒಂದು ಹಳೇ ಕ್ಯಾಲೆಂಡರ್ ತಗೊಂಡು ಅಡುಗೆಮನೆ ಗೋಡೆಗೆ ಹಾಕಿ. ನೋವು ಬಂದ ದಿನಕ್ಕೆ ಒಂದು ಗೆರೆ, ವಾಂತಿ ಬಂದ ದಿನಕ್ಕೆ ಎರಡು ಗೆರೆ, ಗುಳಿಗೆ ತಗೊಂಡ ದಿನಕ್ಕೆ ಒಂದು ಸೊನ್ನೆ. ಅದೇ ಹಾಳೆ ಹಿಡಿದು ಡಾಕ್ಟರ ಹತ್ತಿರ ಹೋಗಿ, ಬೇಕಾದರೆ ನನ್ನ ಹತ್ತಿರವೂ ಬನ್ನಿ. ಸೊನ್ನೆಗಳು ತಿಂಗಳಿಗೆ 10ರ ಒಳಗೆ ಬರುವ ತನಕ ಬೇರೆ ಯಾವ ಚಿಕಿತ್ಸೆಗೂ ದೊಡ್ಡ ದುಡ್ಡು ಹಾಕಬೇಡಿ.

ಅತ್ತೆಯವರ ಎಣ್ಣೆ ಮಾತ್ರ ನಿಲ್ಲಿಸಬೇಡಿ. ನೋವಿಲ್ಲದ ಭಾನುವಾರ ನೋಡಿಕೊಂಡು ಅವರ ಮುಂದೆ ಕೂತುಕೊಳ್ಳಿ. ಕೊಬ್ಬರಿ ಎಣ್ಣೆ ಉಗುರು ಬೆಚ್ಚಗಿರಲಿ. ನೆತ್ತಿ ತಟ್ಟುವುದು ಬೇಡ. ತಲೆಬುರುಡೆಯ ಬುಡದಲ್ಲಿ, ಹೆಗಲಿನ ಮೇಲೆ ಹೆಬ್ಬೆರಳಿನಿಂದ ನಿಧಾನ ಸುತ್ತಿಸಲಿ, ಹತ್ತು ನಿಮಿಷ ಸಾಕು. ಅರೆತಲೆನೋವು ಏರಿದ ದಿನ ಅವರೇ ತಿಕ್ಕೋಕೆ ಬಂದರೆ, ಇವತ್ತು ಬೇಡ ಅತ್ತೆ, ಪಾದ ಒತ್ತಿಕೊಡಿ ಅನ್ನಿ.